ಅಡುಗೆಮನೆಯ ಬಾಗಿಲಿಗೆ ಬಂದ ಚಿಗರಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಪ್ರಾಣಿಗಳನ್ನು ಗಮನಿಸುವುದೇ ನನ್ನ ಕೆಲಸ. ಹಸಿವು, ಬಾಯಾರಿಕೆ, ಭಯ ಇಷ್ಟರಲ್ಲೇ ಅವುಗಳ ನಡವಳಿಕೆಯೆಲ್ಲ ಅರ್ಥವಾಗುತ್ತದೆ ಎಂದು ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ. ಆ ಒಂದು ಮಧ್ಯಾಹ್ನವನ್ನು ಮಾತ್ರ ಎಲ್ಲಿಡಬೇಕೋ ತಿಳಿಯದು.

ಕರಜಗಿಯ ಆಚೆ, ಹುಲ್ಲುಗಾವಲಿನ ಅಂಚಿನಲ್ಲಿ ನಮ್ಮ ಸಂಶೋಧನಾ ಕೇಂದ್ರ. ಕೃಷ್ಣಮೃಗಗಳ ಅಧ್ಯಯನಕ್ಕೆ ಬಂದವರು ನಾವು. ಊರವರ ಬಾಯಲ್ಲಿ ಅವು ಚಿಗರಿ. ಅಡುಗೆಯ ಕಸ್ತೂರಕ್ಕನಿಗೆ ನಮ್ಮ ಮೇಲೆ ಪ್ರೀತಿ, ನಮ್ಮ ಕೆಲಸದ ಮೇಲೆ ಅನುಮಾನ. ಮಾಳಿಗೆಯ ಮೇಲೆ ತನ್ನ ಮೆಣಸಿನಕಾಯಿಯ ಪಕ್ಕ ನಾವು ಚಿಗರಿ ಹಿಕ್ಕೆ ಒಣಹಾಕಿದ್ದನ್ನು ಕಂಡು, “ಇದರ ಸಲುವಾಗೇನ್ ತಂಗಿ ಇಷ್ಟ್ ಸಾಲಿ ಕಲ್ತು ಬಂದಿದ್ದು?” ಎಂದು ಕೇಳಿದ್ದಳು.

ನಾಯಿ ಕಚ್ಚಿ ಎಡಗಿವಿ ಹರಿದಿದ್ದ ಒಂದು ಹೆಣ್ಣುಮರಿಯನ್ನು, ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು, ಆಕೆಯೇ ಆಡಿನ ಹಾಲು ಕುಡಿಸಿ ಬದುಕಿಸಿದಳು. ಚೆನ್ನಿ ಎಂದು ಹೆಸರಿಟ್ಟಳು. “ಬಾ ಬೇ ಚೆನ್ನಿ, ಬಾ” ಎಂದರೆ ಸಾಕು, ಎಲ್ಲಿದ್ದರೂ ಚಂಗನೆ ಅಡುಗೆಮನೆಗೆ ನುಗ್ಗುತ್ತಿತ್ತು. ದೊಡ್ಡದಾಗಿ ಹಿಂಡು ಸೇರಿದ ಮೇಲೆ ಮತ್ತೆ ಇತ್ತ ಸುಳಿಯಲಿಲ್ಲ. ಕಸ್ತೂರಕ್ಕ ಅತ್ತಳು, ಆಮೇಲೆ “ಗಂಡನ ಮನಿ ಸೇರಿದ್ಲು ಬಿಡ್ರಿ” ಎಂದು ತಾನೇ ನಕ್ಕಳು.

ಮುಂದಿನ ಬೇಸಿಗೆಯಲ್ಲಿ ಆಕೆಗೆ ಕಲಬುರಗಿಯಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಅದೇ ದಿನ ಮಧ್ಯಾಹ್ನ ಕೇಂದ್ರದಲ್ಲಿ ನಾನೊಬ್ಬಳೇ ಇದ್ದೆ. ಹಿತ್ತಲಿಂದ ದನಿ ಕೇಳಿತು: “ಬಾ ಬೇ ಚೆನ್ನಿ, ಬಾ.” ಕಸ್ತೂರಕ್ಕನದೇ ದನಿ. ಕೊನೆಯ ‘ಬಾ’ ಎಳೆಯುವ ರೀತಿಯೂ ಆಕೆಯದೇ. ಬಿಸಿಲಿನ ಜೊಂಪು ಎಂದುಕೊಂಡೇ ಎದ್ದು ಹೋದೆ. ಕೊಂಡಿ ಹಾಕಿದ್ದ ಅಡುಗೆಮನೆಯ ಮುಂದೆ ಒಂದು ಹೆಣ್ಣು ಚಿಗರಿ ನಿಂತಿತ್ತು. ಎಡಗಿವಿ ಹರಿದಿತ್ತು.

ಬೋಗುಣಿಯಲ್ಲಿ ನೀರಿಟ್ಟು ಹಿಂದೆ ಸರಿದೆ. ಕುಡಿಯಿತು. ಆಮೇಲೂ ಹೋಗದೆ, ಬಾಗಿಲ ಪಕ್ಕದ ಖಾಲಿ ಕಟ್ಟೆಯನ್ನೇ ಕಿವಿ ನಿಮಿರಿಸಿ ನೋಡುತ್ತ ನಿಂತಿತು. ಬಹಳ ಹೊತ್ತಿನ ನಂತರ ಹುಲ್ಲಿನತ್ತ ನಡೆಯಿತು.

ಸಂಜೆ ಆಕೆಯ ಮಗಳಿಗೆ ಫೋನ್ ಮಾಡಿದೆ. “ಮಧ್ಯಾಹ್ನ ಎಷ್ಟ್ ಹೊತ್ತಾದ್ರೂ ಎಚ್ಚರಾನೇ ಆಗ್ಲಿಲ್ರಿ ಮೇಡಂ, ಎಲ್ರೂ ಗಾಬ್ರಿ ಆಗಿದ್ವಿ. ಈಗ ಆರಾಮ್ ಅದಾಳ್ರಿ,” ಎಂದು ಫೋನನ್ನು ತಾಯಿಯ ಕಿವಿಗೆ ಹಿಡಿದಳು.

ನಾನು ಮಾತೆತ್ತುವ ಮೊದಲೇ ಕಸ್ತೂರಕ್ಕ ಕೇಳಿದಳು: “ಚೆನ್ನಿ ನೀರು ಕುಡುದ್ಲೇನ್ ತಂಗಿ?”

“ಕುಡಿದಳು ಅಕ್ಕ. ಬಾಗಿಲು ಹಾಕಿತ್ತು, ಒಳಗೆ ಬರಲಾಗಲಿಲ್ಲ.”

“ನನಗ ಗೊತ್ತದ. ನಾನೂ ಹೊರಗೇ ನಿಂತಿದ್ನಲ್ಲ.”

ಗುಣವಾಗಿ ಬಂದ ಆಕೆಗೆ ಈ ಮಾತು ಒಂದೂ ನೆನಪಿರಲಿಲ್ಲ. ಬಾಯಾರಿದ ಪ್ರಾಣಿ ಗುರುತಿನ ಜಾಗಕ್ಕೆ ಬಂದಿರಬಹುದು. ಅರೆಎಚ್ಚರದಲ್ಲಿದ್ದ ಆಕೆಗೆ ತಾನು ಸಾಕಿದ ಜೀವ ನೆನಪಾಗಿರಬಹುದು. ಆದರೆ ಆ ದನಿ ನನ್ನ ಕಿವಿಗೂ ಬಿತ್ತಲ್ಲ, ಅದನ್ನು ಏನೆನ್ನಲಿ? ಒಮ್ಮೆ ತಡೆಯಲಾರದೆ ಆಕೆಗೇ ಎಲ್ಲ ಹೇಳಿದೆ. ಬಡಿಯುತ್ತಿದ್ದ ರೊಟ್ಟಿ ಬಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

“ಬಿಸಲಾಗ ಅಡ್ಡಾಡಬ್ಯಾಡ ಅಂದ್ರ ಕೇಳಂಗಿಲ್ಲ ನೀ. ಮೊದಲ ಮಜ್ಜಿಗಿ ಕುಡಿ.”