ಮೆಟ್ಟಿಲು ಹತ್ತದೆ ಬರೆದ ಟಿಪ್ಪಣಿ

ಗಂಡು ಗೂಬೆ ಸತ್ತು ಬಿದ್ದದ್ದು ಗುರುವಾರ. ನನ್ನ ದಿನಚರಿಯಲ್ಲಿ ಅದು ಶುಕ್ರವಾರದ ಪುಟದಲ್ಲಿದೆ. ಅಂದು ಬರೆಯಲು ಕೈ ಬಾರದೆ ಮರುದಿನ ಬರೆದೆನೆಂಬ ನೆನಪು ನನಗಿದೆ. ಬರಿಯ ನೆನಪನ್ನು ನಂಬುವ ಅಭ್ಯಾಸ ನನ್ನದಲ್ಲವಾದ್ದರಿಂದ ನಮ್ಮ ವಸತಿ ಸೊಸೈಟಿಯ ಗೇಟಿಗೆ ಹೋಗಿ ರಿಜಿಸ್ಟರ್ ತೆಗೆಸಿ ನೋಡಿದೆ. ಹಕ್ಕಿಯನ್ನು ತಂದುಕೊಟ್ಟ ಲಿಫ್ಟ್ ಮೆಕ್ಯಾನಿಕ್ ಆ ವಾರ ಒಂದೇ ದಿನ ಬಂದಿದ್ದಾನೆ, ಅವನ ಸಹಿ ಗುರುವಾರ ಬೆಳಗಿನದು. ಆದ್ದರಿಂದ ಗುರುವಾರವೇ ಸರಿ. ಡಿಸೆಂಬರ್ ತಿಂಗಳ ನಡುಭಾಗ. ಹೊಗೆಯೂ ಮಂಜೂ ಕಲೆತು ಎದುರಿನ ಮೆಟ್ರೋ ಕಂಬಗಳೂ ಕಾಣದಂಥ ಬೆಳಗು.

ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ಈ ಸೊಸೈಟಿಯಲ್ಲಿ ನಮ್ಮದು ಒಂಬತ್ತನೆಯ ಮಹಡಿ, ಕೊನೆಯದು. ತಲೆಯ ಮೇಲೆ ಟೆರೇಸು, ನೀರಿನ ಟ್ಯಾಂಕುಗಳು, ಲಿಫ್ಟಿನ ಮಶೀನ್ ರೂಮು. ವೃತ್ತಿಜೀವನದ ಬಹುಭಾಗವನ್ನು ಗೂಬೆಗಳ ಆಹಾರ, ಸಂತಾನಗಳ ಅಧ್ಯಯನದಲ್ಲಿ ಕಳೆದು ನಿವೃತ್ತಳಾದವಳು ನಾನು. ಇಲ್ಲಿ ನನಗಿರುವ ಹೆಸರು ‘ಉಲ್ಲೂವಾಲೀ ಆಂಟಿ’. ಹಿಂದಿಯಲ್ಲಿ ಉಲ್ಲೂ ಎಂದರೆ ಗೂಬೆಯೂ ಹೌದು, ದಡ್ಡನೂ ಹೌದು ಎಂಬುದನ್ನು ನನ್ನ ಗಂಡ ವಾರಕ್ಕೊಮ್ಮೆಯಾದರೂ ನೆನಪಿಸುತ್ತಾರೆ.

ಮೆಕ್ಯಾನಿಕ್ ಬಾಗಿಲು ತಟ್ಟಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟನ್ನು ಎರಡೂ ಕೈಯಲ್ಲಿ ಚಾಚಿದ.

“ಮೇಡಂ ಜೀ, ಇದು ನಿಮ್ಮದು.”

“ನಂದಾ? ಏನಿದು ಭಯ್ಯಾ?”

“ಟ್ಯಾಂಕ್ ಹತ್ತಿರ ಬಿದ್ದಿತ್ತು. ಇದರ ಬಚ್ಚೇ ಲೋಗ್, ಮರಿಗಳು, ಮೇಲಿವೆ, ಮಶೀನ್ ರೂಮಿನ ಹಿಂದೆ. ಹಿಸ್ ಹಿಸ್ ಅಂತ ಕೂಗ್ತಾ ಇವೆ. ನಾನು ಮೊದಲು ಹಾವು ಅಂದ್ಕೊಂಡು ಸ್ಪ್ಯಾನರ್ ಎಸೆದಿದ್ದೆ, ಮಾಫ್ ಕರ್ನಾ.”

ಅದು ಕಣಜಗೂಬೆ. ಹೃದಯದಾಕಾರದ ಬಿಳಿ ಮುಖ, ಚುಕ್ಕೆಗಳು ವಿರಳವಾಗಿದ್ದ ಎದೆ. ಗಂಡೆಂದು ಊಹಿಸಲು ಅಷ್ಟು ಸಾಕಿತ್ತು. ಮೈಯಲ್ಲಿ ಗಾಯವಿರಲಿಲ್ಲ. ಹಸಿದು ಸತ್ತ ಹಕ್ಕಿಯ ಎದೆಮೂಳೆ ಕತ್ತಿಯಂತೆ ಎದ್ದು ಕೈಗೆ ಹತ್ತುತ್ತದೆ. ಇದರ ಎದೆ ತುಂಬಿಕೊಂಡೇ ಇತ್ತು. ಆದರೆ ಕೊಕ್ಕಿನ ಸಂದಿಯಲ್ಲಿ ರಕ್ತ ಒಣಗಿತ್ತು, ಬಾಯಿಯ ಒಳಭಾಗ ಕಾಗದದ ಹಾಗೆ ಬಿಳಿಚಿತ್ತು, ರೆಕ್ಕೆಯ ಕೆಳಗೆ ಚರ್ಮದಡಿಯಲ್ಲಿ ರಕ್ತ ಮಡುಗಟ್ಟಿ ಕಪ್ಪಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿಪಾಷಾಣದ ಲಕ್ಷಣಗಳಿವು. ಆ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ, ಹಗಲು ಇರುಳುಗಳ ಪರಿವೆಯಿಲ್ಲದೆ ತಿರುಗುತ್ತದೆ. ಅಂಥ ಇಲಿಯನ್ನು ಹಿಡಿಯುವುದು ಗೂಬೆಗೆ ಬಲು ಸುಲಭ.

ಪಾಷಾಣ ಎಲ್ಲಿಂದ ಬಂತೆಂದು ನಾನು ಹುಡುಕಬೇಕಾಗಿರಲಿಲ್ಲ. ಅದಕ್ಕೆ ಒಪ್ಪಿಗೆಯ ಟಿಪ್ಪಣಿ ಬರೆದುಕೊಟ್ಟವಳು ನಾನೇ.

ನವೆಂಬರ್ ಕೊನೆಯ ವಾರದಲ್ಲಿ ಸೊಸೈಟಿಯ ಕಾರ್ಯದರ್ಶಿ ಮನೆಗೆ ಬಂದಿದ್ದರು. ಅವರು ಕನ್ನಡಿಗರು, ನನ್ನ ಗಂಡನಂತೆಯೇ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬೇಸ್‌ಮೆಂಟಿನಲ್ಲಿ ಇಲಿಗಳು ಕಾರುಗಳ ವೈರು ಕಡಿಯುತ್ತಿದ್ದವು. ಪಾಷಾಣ ಇಡಿಸಲು ಸಮಿತಿ ತೀರ್ಮಾನಿಸಿದರೂ ಮೂರನೆಯ ಮಹಡಿಯ ಹಿರಿಯ ಮಹಿಳೆಯೊಬ್ಬರು ಅಡ್ಡಿ ಬಂದಿದ್ದರಂತೆ: ಸಂಜೆ ಹೊತ್ತು ಬಿಳಿ ಗೂಬೆ ಹಾರುವುದನ್ನು ತಾವು ನೋಡಿರುವುದಾಗಿ, ಅದು ಲಕ್ಷ್ಮಿಯ ವಾಹನ, ವಿಷದ ಇಲಿ ತಿಂದು ಅದಕ್ಕೇನಾದರೂ ಆದರೆ ಇಡೀ ಸೊಸೈಟಿಗೆ ಕೇಡು ಎಂದು.

“ನೀವು ಎರಡು ಸಾಲು ಬರೆದುಕೊಟ್ಟರೆ ಆಯಮ್ಮ ಸುಮ್ಮನಾಗ್ತಾರೆ, ಮೇಡಂ,” ಎಂದರು ಕಾರ್ಯದರ್ಶಿ. “ನಮಗೂ ಗೂಬೆ ಸಾಯಿಸಬೇಕು ಅಂತ ಏನಿಲ್ಲ.”

ನಾನು ಲ್ಯಾಪ್‌ಟಾಪ್ ತೆರೆದು ನನ್ನದೇ ಹಳೆಯ ಕೋಷ್ಟಕವನ್ನು ನೋಡಿದೆ. ಹರಿಯಾಣದ ಹೊಲಗಳ ಆಚೀಚೆ, ಪಾಳು ಕಟ್ಟಡಗಳಲ್ಲಿ ನಾನು ವರ್ಷಗಟ್ಟಲೆ ದಾಖಲಿಸಿದ ಗೂಡುಗಳಲ್ಲಿ ಬಹುಪಾಲು ಆ ಹೊತ್ತಿಗೆ ಖಾಲಿಯಾಗಿದ್ದವು. ಮರಿಗಳಿಲ್ಲದ ಕಾಲದಲ್ಲಿ ಕಣಜಗೂಬೆ ದೂರದವರೆಗೆ ಬೇಟೆಗೆ ಹೋಗುತ್ತದೆ. ನಮ್ಮಲ್ಲಿಂದಾದರೆ ನಜಫ್‌ಗಢ ಕಾಲುವೆಯ ಬಯಲು. ಬೇಸ್‌ಮೆಂಟಿನ ಇಲಿ ಅದರ ಊಟದಲ್ಲಿ ಅಲ್ಪ ಭಾಗ. ಇದೇ ತರ್ಕವನ್ನು ಅಚ್ಚುಕಟ್ಟಾಗಿ ಬರೆದು, ಈ ವಾರಗಳಲ್ಲಿ ಇಲ್ಲಿ ಗೂಡು ಇರಲಾರದು, ಆದ್ದರಿಂದ ಗಣನೀಯ ಅಪಾಯವಿಲ್ಲ ಎಂದು ಮುಗಿಸಿ ಸಹಿ ಹಾಕಿದೆ. ಕಣಜಗೂಬೆ ಆಹಾರ ಹೇರಳವಾಗಿದ್ದರೆ ಯಾವ ತಿಂಗಳಲ್ಲೂ ಮೊಟ್ಟೆ ಇಟ್ಟೀತೆಂಬುದನ್ನು ನಾನೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೆ. ಟೆರೇಸಿಗೆ ಇದ್ದದ್ದು ಒಂದೇ ಅಂತಸ್ತಿನ ಮೆಟ್ಟಿಲು.

ಗುರುವಾರ ಆ ಮೆಟ್ಟಿಲು ಹತ್ತಿದೆ. ಮಶೀನ್ ರೂಮಿನ ಹಿಂದೆ, ತೆಗೆದುಹಾಕಿದ ಕೂಲರಿನ ತಗಡಿನ ಪೆಟ್ಟಿಗೆಯಲ್ಲಿ ನಾಲ್ಕು ಮರಿಗಳಿದ್ದವು, ಒಂದಕ್ಕಿಂತ ಒಂದು ಚಿಕ್ಕವು. ಹೆಣ್ಣುಗೂಬೆ ಎರಡು ಮೂರು ದಿನಗಳ ಅಂತರದಲ್ಲಿ ಮೊಟ್ಟೆಗಳನ್ನಿಟ್ಟರೂ ಮೊದಲನೆಯದರಿಂದಲೇ ಕಾವು ಕೂರುತ್ತದೆ. ಹೀಗಾಗಿ ಮರಿಗಳು ಸಾಲಾಗಿ ನಿಂತ ಅಕ್ಕ ತಂಗಿಯರಂತೆ ವಯಸ್ಸಿನಲ್ಲಿ ಏರಿಳಿಯುತ್ತವೆ. ಹಿರಿಯ ಮರಿಯ ತುಪ್ಪುಳದ ನಡುವೆ ಗರಿಗಳು ಮೂಡಿ, ಮುಖದ ಬಟ್ಟಲು ಸ್ಪಷ್ಟವಾಗತೊಡಗಿತ್ತು. ಹೆಚ್ಚುಕಡಿಮೆ ಐದು ವಾರ. ಅಲ್ಲಿಂದ ಹಿಂದಕ್ಕೆ ಕಾವಿನ ಒಂದು ತಿಂಗಳು ಎಣಿಸಿದರೆ, ದೀಪಾವಳಿಯ ಪಟಾಕಿಗಳ ನಡುವೆಯೇ ತಾಯಿ ಮೊಟ್ಟೆಗಳ ಮೇಲೆ ಕೂತಿತ್ತು. ನಾನು ಟಿಪ್ಪಣಿಗೆ ಸಹಿ ಹಾಕಿದ ದಿನ ಈ ಹಿರಿಯ ಮರಿಗೆ ಎರಡೂವರೆ ವಾರ ವಯಸ್ಸು. ಅದು ನನ್ನ ಮೇಜಿನ ನೇರ ಮೇಲೆಯೇ ಇತ್ತು.

ಇಳಿದು ಬಂದು ಲೆಕ್ಕವನ್ನು ಗಂಡನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಿಸ್ ಅಂತ ಸದ್ದು ಅಂದೆಯಲ್ಲ. ಸಂಜೆ ಹೊತ್ತಾ?”

“ಹೌದು. ಹಸಿದಾಗ ಹಾಗೇ ಕೂಗ್ತವೆ.”

“ನಾನು ಕಂಪ್ಲೇಂಟ್ ಬುಕ್ಕಲ್ಲಿ ಬರೆದಿದ್ದೀನಿ ಕಣೇ. ಟ್ಯಾಂಕಿನ ವಾಲ್ವ್‌ನಿಂದ ಗಾಳಿ ಸೋರೋ ಸದ್ದು, ಪ್ರತಿದಿನ ಸೂರ್ಯಾಸ್ತದ ನಂತರ ಅಂತ. ನಿನಗೂ ಹೇಳಿದ್ದೆ.”

“ಯಾವಾಗ ಹೇಳಿದ್ರಿ?”

“ನೀನು ಏನೋ ಟೈಪ್ ಮಾಡ್ತಿದ್ದೆ. ‘ಪ್ಲಂಬರ್‌ನ ಕರೀರಿ’ ಅಂದೆ.”

ಕಂಪ್ಲೇಂಟ್ ಪುಸ್ತಕ ತರಿಸಿದೆ. ಅವರ ಗುಂಡಗಿನ ಕಚೇರಿ ಅಕ್ಷರ, ಕೆಳಗೆ ತಾರೀಖು: ನನ್ನ ಟಿಪ್ಪಣಿಗಿಂತ ನಾಲ್ಕು ದಿನ ಮೊದಲು. ಪಕ್ಕದಲ್ಲಿ ಪ್ಲಂಬರನ ಷರಾ: ‘ಚೆಕ್ ಕಿಯಾ, ಲೀಕೇಜ್ ನಹೀಂ’, ನೋಡಿದೆ, ಸೋರಿಕೆಯಿಲ್ಲ ಎಂದು. ಆ ಮನುಷ್ಯ ಟೆರೇಸಿಗೆ ಹೋಗಿ ನೋಡಿ ಬಂದಿದ್ದ. ಸುಳ್ಳನ್ನೂ ಬರೆದಿರಲಿಲ್ಲ.

ಅದೇ ಮಧ್ಯಾಹ್ನ ಕಾರ್ಯದರ್ಶಿಯ ಮನೆಗೆ ಹೋಗಿ, ನನ್ನ ಅಭಿಪ್ರಾಯ ತಪ್ಪು, ಪಾಷಾಣವನ್ನು ಕೂಡಲೇ ತೆಗೆಸಬೇಕೆಂದು ಬರೆದ ಕಾಗದ ಕೊಟ್ಟೆ. ಅವರು ಎರಡು ಸಲ ಓದಿದರು.

“ಅಚ್ಛಾ... ನಿಮ್ಮ ಮೇಲೆ ಗೂಬೆ ಕೂರಿಸ್ತಿಲ್ಲ ಮೇಡಂ, ಆದರೆ ಸಮಿತಿಯಲ್ಲಿ ಕೇಳ್ತಾರೆ. ಹೋದ ತಿಂಗಳು ಹಾಗೆ, ಈ ತಿಂಗಳು ಹೀಗೆ ಅಂತ.”

“ಕೇಳಲಿ. ನಾನೇ ಬಂದು ಹೇಳ್ತೀನಿ. ಇವತ್ತು ತೆಗೆಸಿ.”

“ಚಲೋ, ತೆಗೆಸೋಣ. ಇದನ್ನೆಲ್ಲ ಇಷ್ಟು ಮನಸ್ಸಿಗೆ ಹಚ್ಕೋಬಾರದು.”

ಸಂಜೆಯೊಳಗೆ ಪಾಷಾಣದ ಪೆಟ್ಟಿಗೆಗಳನ್ನು ತೆಗೆಸಿದರು, ಅದನ್ನು ಒಪ್ಪಿಕೊಳ್ಳಲೇಬೇಕು. ಪೆಟ್ಟಿಗೆಯ ಮೇಲಿನ ಚೀಟಿ ನೋಡಿದೆ: ನನ್ನ ಟಿಪ್ಪಣಿಯ ಎರಡನೆಯ ದಿನವೇ ಇಟ್ಟಿದ್ದರು. ಆದರೆ ಈಗಾಗಲೇ ವಿಷ ತಿಂದ ಇಲಿಗಳು ಇನ್ನೂ ಕೆಲವು ದಿನ ಓಡಾಡುತ್ತವೆ, ಅವನ್ನು ವಾಪಸು ಪಡೆಯುವ ಕಾಗದ ಯಾವುದೂ ಇಲ್ಲ. ಮರಿಗಳಿರುವಾಗ ಗೂಬೆ ಕಾಲುವೆಯ ಬಯಲಿಗೆ ಹೋಗುವುದಿಲ್ಲ. ಹತ್ತಿರದಲ್ಲಿ ಸಿಕ್ಕಿದ್ದನ್ನು ಹಿಡಿದು ಮತ್ತೆ ಮತ್ತೆ ತರುತ್ತದೆ. ನನ್ನ ತರ್ಕದ ಪ್ರತಿಯೊಂದು ಹಂತವೂ ಗೂಡು ಇಲ್ಲವೆಂಬ ಒಂದು ಊಹೆಯ ಮೇಲೆ ನಿಂತಿತ್ತು.

ಹಕ್ಕಿಗಳ ಚಿಕಿತ್ಸಾಲಯವೊಂದಕ್ಕೆ ಫೋನ್ ಮಾಡಿದೆ. ತಾಯಿ ಬರುತ್ತಿದೆಯೇ ಎಂದು ಕೇಳಿದರು. ಮುಸ್ಸಂಜೆಯಲ್ಲಿ ಅದು ಸದ್ದಿಲ್ಲದೆ ಬಂದಿಳಿದದ್ದನ್ನು ನೋಡಿದ್ದೆ; ಬರುತ್ತಿದೆ ಎಂದೆ. ಹಾಗಿದ್ದರೆ ಮರಿಗಳನ್ನು ಮುಟ್ಟಬೇಡಿ ಎಂದರು. ನಾನೂ ಇನ್ನೊಬ್ಬರಿಗೆ ಹಾಗೆಯೇ ಹೇಳುತ್ತಿದ್ದೆ. ಶುಕ್ರವಾರವೂ ತಾಯಿ ಬಂತು, ಕೊಕ್ಕಿನಲ್ಲಿ ಇಲಿಯಿತ್ತು. ಅದು ಎಲ್ಲಿಯ ಇಲಿಯೆಂದು ನನಗೆ ತಿಳಿಯುವಂತಿರಲಿಲ್ಲ. ಗೋಡೆಗೊರಗಿ ನಿಂತು, ಹಿರಿಯ ಮರಿ ಉಳಿದವನ್ನು ಹಿಂದಕ್ಕೆ ತಳ್ಳಿ ಅದನ್ನು ಇಡಿಯಾಗಿ ನುಂಗುವುದನ್ನು ನೋಡಿದೆ.

ಶನಿವಾರ ಬೆಳಿಗ್ಗೆ ಹಿರಿಯ ಮರಿ ಸತ್ತಿತ್ತು.

ಬರಗಾಲದಲ್ಲಿ ಗೂಬೆಯ ಗೂಡಿನ ಕ್ರಮ ಬಲು ಕಠಿಣವಾದದ್ದು. ದೊಡ್ಡದು ಮೊದಲು ತಿನ್ನುತ್ತದೆ, ಚಿಕ್ಕದು ಹಸಿದು ಸಾಯುತ್ತದೆ, ಹೀಗೆ ಒಂದೆರಡಾದರೂ ಬದುಕಿಕೊಳ್ಳುತ್ತವೆ. ನಾನು ಅಧ್ಯಯನ ಮಾಡಿದ ಹೊಲಗಳಲ್ಲಿ ಎಷ್ಟೋ ಸಲ ಕಿರಿಯ ಮರಿಯ ಹೆಸರಿನ ಮುಂದೆ ಗೀಟು ಹಾಕಿದ್ದೇನೆ, ಹೆಚ್ಚು ವ್ಯಥೆಯಿಲ್ಲದೆ. ಇಲ್ಲಿ ಆ ಕ್ರಮವೇ ತಿರುಗಿ ಬಿದ್ದಿತ್ತು. ಹೆಚ್ಚು ತಿಂದದ್ದಕ್ಕೆ ಹೆಚ್ಚು ವಿಷ. ಮೂರು ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಚಿಕಿತ್ಸಾಲಯಕ್ಕೆಂದು ಆಟೋ ಹತ್ತಿದೆವು. ಗಂಡ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಶಾಲು ಹೊದಿಸಿದ್ದರು. ಎರಡನೆಯದು ಜನಕಪುರಿ ದಾಟುವಷ್ಟರಲ್ಲಿ ಕೂಗು ನಿಲ್ಲಿಸಿತು. ಮೂರನೆಯದು ಚುಚ್ಚುಮದ್ದು ಕೊಟ್ಟ ಮೇಲೂ ಸೋಮವಾರದವರೆಗೆ ಮಾತ್ರ ಉಳಿಯಿತು. ಮೈಮೇಲೆ ಇನ್ನೂ ಬರಿಯ ತುಪ್ಪುಳವಿದ್ದ ಕಿರಿಯದು, ಯಾವಾಗಲೂ ಹಿಂದಕ್ಕೆ ತಳ್ಳಿಸಿಕೊಂಡು ಅರೆಹೊಟ್ಟೆಯಲ್ಲಿದ್ದುದು, ಬದುಕಿತು. ತಾಯಿ ಶನಿವಾರ ಸಂಜೆ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಅದು ಎಲ್ಲಿ ಬಿತ್ತೋ ಹುಡುಕಿದರೂ ಸಿಗಲಿಲ್ಲ.

ಸಮಿತಿಯ ಸಭೆಯಲ್ಲಿ ನಡೆದದ್ದನ್ನೆಲ್ಲ ತಾರೀಖುಗಳ ಸಮೇತ ಓದಿದೆ. ಯಾರಾದರೂ ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಒಬ್ಬರು “ಕೋಯೀ ಬಾತ್ ನಹೀಂ ಆಂಟೀ ಜೀ, ಹೋ ಜಾತಾ ಹೈ” ಎಂದರು, ಪರವಾಗಿಲ್ಲ, ಹೀಗೆಲ್ಲ ಆಗುತ್ತದೆ ಎಂದು. ಪಾರ್ಕಿಂಗ್ ವಿಷಯ ಚರ್ಚೆಗೆ ಬಂತು. ಮೂರನೆಯ ಮಹಡಿಯ ಆ ಹಿರಿಯ ಮಹಿಳೆ ಮಾತ್ರ ಹೊರಗೆ ಬಂದಾಗ ನನ್ನ ಮುಖ ನೋಡಲಿಲ್ಲ.

ಫೆಬ್ರವರಿಯಲ್ಲಿ ಚಿಕಿತ್ಸಾಲಯದಿಂದ ಕರೆ ಬಂತು. ಮರಿ ಗರಿ ತುಂಬಿಕೊಂಡು ದೊಡ್ಡ ಪಂಜರದಲ್ಲಿ ಹಾರುತ್ತಿದೆ, ಇಲಿಯನ್ನು ತಾನೇ ಹಿಡಿಯುತ್ತಿದೆ. ತಿಂದ ಇಲಿಯ ರೋಮ, ಮೂಳೆಗಳನ್ನು ಸರಿಯಾಗಿ ಉಂಡೆ ಮಾಡಿ ಕಾರುತ್ತಿದೆ.

“ಸಿಕ್ಕಿದ ಜಾಗದಲ್ಲೇ ಬಿಡೋದು ನಮ್ಮ ಪದ್ಧತಿ,” ಎಂದಳು ಅಲ್ಲಿನ ವೈದ್ಯೆ. ಅವಳು ಮೈಸೂರಿನ ಕಡೆಯವಳು. “ಸುತ್ತಮುತ್ತ ಈಗ ಸೇಫ್ ಅಂತ ನೀವೊಂದು ಲೆಟರ್ ಕೊಟ್ಟುಬಿಡಿ, ಆಂಟಿ. ನಿಮಗಿಂತ ಎಕ್ಸ್‌ಪರ್ಟ್ ಇನ್ಯಾರಿದ್ದಾರೆ?”

ಎರಡು ದಿನ ಕೊಡು ಎಂದೆ. ನಾಲ್ಕು ದಿನ ಬೇಕಾಯಿತು. ನಮ್ಮ ಎರಡೂ ಬೇಸ್‌ಮೆಂಟುಗಳನ್ನು, ಜನರೇಟರ್ ಕೊಠಡಿಯನ್ನು, ಕಸದ ಕೋಣೆಯನ್ನು ಟಾರ್ಚ್ ಹಿಡಿದು ನೋಡಿದೆ. ಮಂಡಿ ಊದಿಕೊಂಡಿತು. ಎಲ್ಲಿಯೂ ಏನೂ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಪಕ್ಕದ ಸೊಸೈಟಿಯ ಕಾಂಪೌಂಡಿನೊಳಗೆ ಗೋಡೆಯುದ್ದಕ್ಕೂ ಪಾಷಾಣದ ಕಪ್ಪು ಪೆಟ್ಟಿಗೆಗಳ ಸಾಲು ಕಂಡಿತು. ಚೀಟಿಯ ತಾರೀಖು ಹಿಂದಿನ ವಾರದ್ದು. ಅಲ್ಲಿನ ಮ್ಯಾನೇಜರನನ್ನು ಕೇಳಿದಾಗ ಅವನು ನಿಶ್ಚಿಂತೆಯಿಂದ ಮೊಬೈಲ್ ತೆಗೆದು ತೋರಿಸಿದ.

“ಯಾವುದೇ ಖತ್ರಾ, ಅಪಾಯ ಇಲ್ಲ ಮೇಡಂ. ನಿಮ್ಮ ಸೊಸೈಟಿಯ ಯಾರೋ ಸೈಂಟಿಸ್ಟ್ ಬರೆದುಕೊಟ್ಟಿದ್ದಾರೆ. ಎಲ್ಲ ಸೊಸೈಟಿಗಳ ಗ್ರೂಪಿನಲ್ಲೂ ಇದೆ.”

ನನ್ನ ನವೆಂಬರಿನ ಟಿಪ್ಪಣಿ. ಅದರ ಹಿಂದೆಯೇ ನಾನು ಕೊಟ್ಟ ಡಿಸೆಂಬರಿನ ಕಾಗದವನ್ನು ಯಾರೂ ಯಾರಿಗೂ ಕಳಿಸಿರಲಿಲ್ಲ. ಬರೆದದ್ದು ನಾನೇ ಎಂದೆ, ತಪ್ಪಾಗಿದೆ ಎಂದೆ. ಅವನು ನಕ್ಕು, ಮೇಲಿನವರನ್ನು ಕೇಳುತ್ತೇನೆ ಎಂದ.

ಚಿಕಿತ್ಸಾಲಯಕ್ಕೆ ಮೂರು ಸಾಲು ಬರೆದೆ: ಸ್ವತಃ ನಡೆದು ನೋಡಿದ್ದೇನೆ, ಈ ಜಾಗ ಸುರಕ್ಷಿತವಲ್ಲ, ಇಲ್ಲಿ ಬಿಡಬೇಡಿ. ಹತ್ತಿರದ ಎಲ್ಲ ಸೊಸೈಟಿಗಳಿಗೂ ಡಿಸೆಂಬರಿನ ಕಾಗದವನ್ನು ಕೈಯಾರೆ ಕೊಟ್ಟು ಬಂದೆ. ಕೆಲವರು ಪೆಟ್ಟಿಗೆ ತೆಗೆಸಿದರು, ಕೆಲವರು ಕಾಗದ ತೆಗೆದುಕೊಂಡರು.

ಮಾರ್ಚ್ ಮೊದಲ ವಾರದಲ್ಲಿ ಹರಿಯಾಣದ ಸಾಸಿವೆ ಹೊಲಗಳ ಅಂಚಿನಲ್ಲಿ, ಹೊತ್ತು ಮುಳುಗಿದ ಮೇಲೆ ಪೆಟ್ಟಿಗೆಯ ಬಾಗಿಲು ತೆರೆದರು. ನಮಗೂ ಬರಲು ಹೇಳಿದ್ದರು. ಗೂಬೆ ಬಹಳ ಹೊತ್ತು ಹೊಸಿಲಲ್ಲೇ ಕೂತಿತ್ತು. ಆಮೇಲೆ ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಾರಿ, ಕೊಯ್ಲಿಗೆ ಬಂದ ಪೈರಿನ ಮೇಲೆ ಮಸುಕಾಗಿ, ಒಂದು ಕೊಳವೆಬಾವಿಯ ಮನೆಯ ಹಿಂದೆ ಕಾಣದಾಯಿತು.

ಗಂಡ ಅತ್ತಲೇ ನೋಡುತ್ತ ಕೇಳಿದರು.

“ಬದುಕುತ್ತಾ?”

“ಮೊದಲ ವರ್ಷ ದಾಟೋವು ಕಡಿಮೆ.”

“ಇದು?”

“ಗೊತ್ತಿಲ್ಲ.”

“ಒಂದು ಅಂದಾಜು ಹೇಳೇ.”

“ಇಲ್ಲ ರೀ,” ಎಂದೆ. “ಹೇಳಲ್ಲ.”