ಹೆಣದ ಬಾಗಿಲು

ಟೈಲರಮ್ಮನ ನಾಲಿಗೆ ಅವಳ ಕತ್ತರಿಗಿಂತ ಹರಿತ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಬಸ್ಸಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೂ ಅದು ಮೊಂಡಾಗಲಿಲ್ಲ. ಮೊಣಕೈಯಲ್ಲಿ ಒತ್ತುವಂತೆ ಮಷೀನಿಗೆ ಮೋಟಾರು ಕೂಡಿಸಿಕೊಂಡು, ಗಾಲಿಕುರ್ಚಿಯಲ್ಲೇ ಕೂತು ಮಗಳ ಮದುವೆಯ ಗೌನು ಹೊಲಿದಳು. ಅದನ್ನು ತೊಟ್ಟು ಮಗಳು ಚರ್ಚಿನಲ್ಲಿ ‘ಒಪ್ಪಿದ್ದೇನೆ’ ಎನ್ನುವುದನ್ನು ಕಣ್ಣಾರೆ ನೋಡಬೇಕು, ಅಷ್ಟೇ ಅವಳ ಆಸೆ.

ಚರ್ಚಿನ ಮುಂದೆ ಆಳೆತ್ತರದ ಮೆಟ್ಟಿಲುಸಾಲು. ಒಮ್ಮೆ ನಾಲ್ವರು ಗಂಡಸರು ಕುರ್ಚಿಸಮೇತ ಎತ್ತಿಕೊಂಡು ಹೋಗುವಾಗ ಒಬ್ಬನ ಕಾಲು ಜಾರಿ, ಎಲ್ಲರೆದುರು ಬಟ್ಟೆ ಅಸ್ತವ್ಯಸ್ತವಾಗಿ ಅವಳು ಉರುಳಿಬಿದ್ದಿದ್ದಳು. ಅಂದಿನಿಂದ ತನ್ನನ್ನು ಎತ್ತಲು ಯಾರನ್ನೂ ಬಿಡಲಿಲ್ಲ. ಒಂದು ಇಳಿಜಾರು ಕಟ್ಟಿಸಿ ಎಂದು ಕಮಿಟಿಯವರನ್ನು ಕೇಳಿದರೆ, ಮುಂಭಾಗದ ಅಂದ ಕೆಡಬಾರದಲ್ಲ, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಹಾಗಂತ ಇಳಿಜಾರು ಇರಲೇ ಇಲ್ಲವೆಂದಲ್ಲ. ಒಂದು ಪಕ್ಕದಲ್ಲಿ ನುಣ್ಣಗಿನದೊಂದು ಇತ್ತು, ಶವಪೆಟ್ಟಿಗೆಯ ತಳ್ಳುಗಾಡಿಗೆಂದು. ಸತ್ತವರ ಮೈ ಕುಲುಕಬಾರದು ನೋಡಿ. ಕೊನೆಯ ಬೆಂಚುಗಳ ಹಿಂದಕ್ಕಿದ್ದ ಅಲ್ಲಿಯ ಬಾಗಿಲು ಹೆಣ ಬಂದಾಗ ಮಾತ್ರ ತೆರೆಯುವುದು. ಅದು ಕಿರ್ರೆಂದರೆ ಒಳಗಿದ್ದವರೆಲ್ಲ ಎದ್ದು ನಿಲ್ಲುವುದು ವಾಡಿಕೆ.

“ಫಾದರ್, ನಾನು ಆ ಬಾಗಿಲಿಂದ ಬರ್ತೀನಿ” ಎಂದು ಟೈಲರಮ್ಮ ಬೇಡಿಕೊಂಡಳು.

“ಮದುವೆ ದಿನ ಬೇಡಮ್ಮ. ಗಂಡಿನ ಕಡೆಯೋರು ಏನಂದ್ಕೊಳ್ತಾರೆ?”

ದೇವರು ಕೊಟ್ಟರೂ ಪೂಜಾರಿ ಬಿಡ ಅನ್ನೋದು ಎಲ್ಲ ದೇವರಿಗೂ ಹೊಂದುತ್ತೆ ಎಂದು ಗೊಣಗುತ್ತ ಅವಳು ಮನೆಗೆ ಬಂದಳು. ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. “ಇದೊಂದು ಸಲ ಎತ್ತಿಸ್ಕೊಳ್ಳಮ್ಮ.”

“ಮತ್ತೆ ಬಿದ್ರೆ ಜನ ನಿನ್ನ ಮದುವೇಲಿ ಅದನ್ನೇ ನೆನಪಿಟ್ಕೊಳ್ತಾರೆ ಕಣೆ. ಬೇಡ. ಹೊರಗಿಂದ್ಲೇ ಕೇಳಿಸ್ಕೋತೀನಿ.”

ಮದುವೆಯ ದಿನ ಎಲ್ಲರೂ ಒಳಗೆ ಹೋದರು. ಅಂಗಳದಲ್ಲಿ ಉಳಿದದ್ದು ಅವಳೂ ಹೂ ಸುತ್ತಿದ ಕಾರೂ ಮಾತ್ರ. ಒಳಗೆ ಹಾಡು ನಿಂತಿತು. ಇನ್ನು ಮಗಳ ಸರದಿ ಎಂದು ಅವಳಿಗೆ ಗೊತ್ತಾಯಿತು. ಎರಡೂ ಕೈಯಿಂದ ಗಾಲಿ ತಳ್ಳುತ್ತ, ಜಲ್ಲಿಕಲ್ಲಿನ ಮೇಲೆ ಚರ್ಚಿನ ಆ ಪಕ್ಕಕ್ಕೆ ಹೋದಳು. ಅಂಗೈಯ ಚರ್ಮ ಕಿತ್ತುಬಂತು. ಗೋಡೆಯ ನೆರಳಲ್ಲಿ ಗುಂಡಿ ತೋಡುವ ಮುದುಕ ಕೂತಿದ್ದ. ಆ ಬಾಗಿಲಿನ ಕೀಲಿ ಅವನ ಸೊಂಟದಲ್ಲಿತ್ತು.

“ತೆಗಿಯಣ್ಣ.”

“ಹೆಣ ಬಂದ್ರೆ ತೆಗೆಯೋ ಬಾಗಿಲು ಕಣಮ್ಮ ಇದು.”

“ಬಂದಿದೆ ಅಂತ್ಲೇ ತಿಳ್ಕೊ. ನಿನ್ನ ಕಾಲಿಗೆ ಬೀಳೋಣ ಅಂದ್ರೆ ಬಗ್ಗೋಕೂ ಆಗಲ್ಲ ನನಗೆ.”

ಮುದುಕ ಅವಳ ಅಂಗೈ ನೋಡಿದ. ಬೀಗ ತೆಗೆದು, ಕುರ್ಚಿಯನ್ನು ಮೇಲಕ್ಕೆ ತಳ್ಳಿದ. ಮೈ ಒಂದಿಷ್ಟೂ ಕುಲುಕಲಿಲ್ಲ.

ಬಾಗಿಲು ಕಿರ್ರೆಂದಿತು. ಒಳಗೆ ಕೂತಿದ್ದವರೆಲ್ಲ, ವಾಡಿಕೆಯಂತೆ, ದಡಬಡನೆ ಎದ್ದು ನಿಂತರು.

ಟೈಲರಮ್ಮ ಕತ್ತು ಉದ್ದ ಮಾಡಿದಳು, ಆ ಕಡೆ ಈ ಕಡೆ ವಾಲಿದಳು. “ಕೂತ್ಕೊಳ್ರಪ್ಪಾ, ದಮ್ಮಯ್ಯ, ಕೂತ್ಕೊಳ್ಳಿ” ಎಂದಳು. ಯಾರೂ ಕೂರಲಿಲ್ಲ. ನಿಂತವರ ಬೆನ್ನುಗಳ ಆಚೆ, ಮಗಳು ‘ಒಪ್ಪಿದ್ದೇನೆ’ ಎಂದದ್ದು ಕೇಳಿಸಿತು.