ಅಕ್ಕನ ಅಂಜಿಕೆಯನ್ನು ನಾನು ಬರೆಯಲಿಲ್ಲ

ಅಕ್ಕ ಹೇಳಿದ್ದನ್ನು ನಾನು ಬರೆಯಲಿಲ್ಲ. ಅವಳು ಹೇಳದೇ ಇದ್ದುದನ್ನು ಬರೆದೆ — ಅದೂ ಅವಳ ಹೆಸರಿನಲ್ಲಿ, ಕೊನೆಗೆ ನಾಲ್ಕು ನಗುವ ಮುಖ ಅಂಟಿಸಿ. ಎಂಟು ತಿಂಗಳು. ಇಷ್ಟು ದೊಡ್ಡ ದಡ್ಡತನಕ್ಕೆ ಮನುಷ್ಯನಿಗೆ ಒಳ್ಳೆಯ ಅಭ್ಯಾಸ ಬೇಕು. ನನಗೆ ಇತ್ತು.

ಭಾಲ್ಕಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ರೀಚಾರ್ಜ್ ಅಂಗಡಿ. ಅಂಗಡಿ ಅಂದರೆ, ನಾನು ಒಳಗೆ ಹೋಗಬೇಕಾದರೆ ಕುರ್ಚಿ ಹೊರಗೆ ಬರಬೇಕು, ಅಷ್ಟು. ಮಳೆ ಕೈಕೊಟ್ಟ ಎರಡನೆಯ ವರ್ಷ ಸುತ್ತಲ ಹಳ್ಳಿಗಳ ಅರ್ಧ ಜನ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋದರು. ಹಿಂದೆ ಉಳಿದ ಮುದುಕಿಯರು, ಸೊಸೆಯರು ನನ್ನ ಅಂಗಡಿಗೆ ಬಂದು ತಮ್ಮವರಿಗೆ ತಿಳಿಸಬೇಕಾದದ್ದನ್ನು ಹೇಳುತ್ತಿದ್ದರು. ನಾನು ಫೋನಿನಲ್ಲಿ ಬರೆದು ಕಳಿಸುತ್ತಿದ್ದೆ. ಬಾವಿ ಬತ್ತಿತು, ಎಮ್ಮೆ ಮಾರಿದೆವು ಎಂದು ಒಬ್ಬ ಅಜ್ಜಿ ಅತ್ತರೆ, ‘ಎಮ್ಮಿ ಬೀಗರ ಮನಿಗಿ ಹೋಗ್ಯಾದ, ನಾವು ಆರಾಮ’ ಎಂದು ಬರೆಯುತ್ತಿದ್ದೆ. ದೂರದಲ್ಲಿ ಇರುವವನಿಗೆ ಯಾಕೆ ಚಿಂತೆ? ನಾನೊಬ್ಬ ದೊಡ್ಡ ದಯಾಳು ಎಂದುಕೊಂಡಿದ್ದೆ. ಅದೇ ಚಟ ಅಕ್ಕನ ವಿಷಯದಲ್ಲೂ —

ಇಲ್ಲ, ಮೊದಲಿನಿಂದ ಹೇಳುತ್ತೇನೆ.

ನಮ್ಮ ಅವ್ವ ಸ್ತನದ ಕ್ಯಾನ್ಸರ್‌ನಿಂದ ಹೋದಳು. ಅದಕ್ಕೂ ಮೊದಲು ಅವಳ ತಂಗಿ. ಬೀದರಿನ ಡಾಕ್ಟರು ಅಕ್ಕನ ರಕ್ತವನ್ನು ಪರೀಕ್ಷೆಗೆ ಕಳಿಸಿ, ಅವ್ವನಿಂದ ಬಂದ ದೋಷ ಅವಳಲ್ಲೂ ಇದೆ ಎಂದರು. ರೋಗ ಬಂದಿದೆ ಎಂದಲ್ಲ. ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಆರು ತಿಂಗಳಿಗೊಮ್ಮೆ ತಪ್ಪದೆ ಜಾಂಚ್, ಅಂದರೆ ತಪಾಸಣೆ, ಆಗಬೇಕು. ಅಕ್ಕನಿಗೆ ಆಗ ಮೂವತ್ತೆರಡು. ಎರಡು ಹೆಣ್ಣುಮಕ್ಕಳು.

ದವಾಖಾನೆಯಲ್ಲಿ ಧೈರ್ಯ ಹೇಳುವ ಮೇಡಮ್ಮೋರು ಒಬ್ಬರಿದ್ದರು. ಇಂಥ ಹೆಂಗಸರನ್ನೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿ, ಪ್ರತಿ ಭಾನುವಾರ ಒಂದೇ ಪ್ರಶ್ನೆ ಕೇಳುತ್ತಿದ್ದರು — ಈ ವಾರ ಮನಸ್ಸಿನಲ್ಲಿ ಏನಿದೆ? ಅಕ್ಕನ ಮನೆಯ ಒಂದೇ ಫೋನನ್ನು ಭಾವ ಹೈದರಾಬಾದಿಗೆ ಒಯ್ದಿದ್ದ. ಹಾಗಾಗಿ ಗುಂಪಿನಲ್ಲಿ ಹೆಸರು ಅಕ್ಕನದು, ನಂಬರು ನನ್ನದು. ಗಂಡಸಿನ ನಂಬರೆಂದು ಉಳಿದ ಹೆಂಗಸರನ್ನು ಕೇಳಿಯೇ ಸೇರಿಸಿದ್ದರು. ನನಗೆ ಮಾತ್ರ ಬೇರೆ ಕರೆದು ಹೇಳಿದ್ದರು: “ಅಕ್ಕ ಹೇಳ್ದಂಗೇ ಬರಿ ತಮ್ಮಾ. ಉಳದೋರು ಬರ್ದಿದ್ದು ಆಕಿಗಿ ಓದಿ ಹೇಳು. ನಡುವ ನಿಂದು ಏನೂ ಹಾಕಬ್ಯಾಡ.”

ಭಾನುವಾರ ಅಕ್ಕ ತನ್ನೂರು ಸಾಯಗಾಂವದಿಂದ ಬಂದು, ಹೊರಗಿನ ಕುರ್ಚಿಯಲ್ಲಿ ಕೂತು, ಬೀದಿಗೆ ಬೆನ್ನು ಮಾಡಿ ಹೇಳುತ್ತಿದ್ದಳು.

“ಬರಿ — ಮೈ ತೊಳ್ಕೊಳಾಗ ಕೈ ಎದಿಗಿ ತಾಗಿದ್ರ ಅಂಜಿಕಿ ಬರ್ತದ. ಅವ್ವ ನೆಪ್ಪಾಗ್ತಾಳ. ಹುಡ್ಗೇರ ಮಾರಿ ನೋಡಿದ್ರ —” ಅಲ್ಲಿಗೆ ನಿಲ್ಲಿಸುತ್ತಿದ್ದಳು. “ಬರ್ದಿ ಏನು?”

“ಬರ್ದೆ.”

ನಾನು ಬರೆದದ್ದು: ‘ನಾ ಫಸ್ಟ್ ಕ್ಲಾಸ್ ಅದೀನ್ರಿ. ಅಂಜಿಕಿಗೇ ನನ್ನ ನೋಡಿ ಅಂಜಿಕಿ ಬಂದದ.’

ಗುಂಪಿನವರೆಲ್ಲ ನಕ್ಕರು. ನಿಮ್ಮ ಧೈರ್ಯಕ್ಕ ಶರಣು ಎಂದರು. ನನಗೆ — ಹೇಳಲು ನಾಚಿಕೆ — ಖುಷಿಯಾಯಿತು.

“ಏನಂದ್ರು?” ಅಕ್ಕ ಕೇಳಿದಳು.

“ಆರಾಮ ಇರು ಅಂದಾರ.”

“ಅವ್ರಿಗ್ಯಾರಿಗೂ ಅಂಜಿಕಿ ಬರಂಗಿಲ್ಲೇನೋ?”

“ಇಲ್ಲಕ್ಕಾ. ಎಲ್ಲಾರೂ ಗಟ್ಟಿ ಮಂದಿ.”

ಅದೇ ದಿನ ಔರಾದಿನ ಶಾಂತಾಬಾಯಿ ಎಂಬವರು, ಅತ್ತೆಗೆ ಕೇಳಿಸಬಾರದೆಂದು ಹಿತ್ತಲಲ್ಲಿ ಕೂತು ಅಳುತ್ತೇನೆ ಎಂದು ಬರೆದಿದ್ದರು. ಅದು ನನ್ನ ಅಂಗೈಯಲ್ಲೇ ಇತ್ತು. ಓದಿ ಹೇಳಲಿಲ್ಲ.

ಜಾಂಚಿನ ದಿನ ಹತ್ತಿರ ಬಂತು. ಅಕ್ಕ ಹೇಳಿದಳು: “ಬರಿ — ಒಬ್ಬಾಕಿ ಹೋಗ್ಲಿಕ್ಕಿ ಧೈರ್ಯ ಸಾಲಂಗಿಲ್ರಿ. ಯಾರರೆ ಜೋಡಿ ಬರ್ತೀರೇನ್ರಿ?”

ನಾನೇ ಹೋಗಬಹುದಿತ್ತು. ಅಂಗಡಿ ಒಂದು ದಿನ ಮುಚ್ಚಿದರೆ ಭಾಲ್ಕಿ ಮುಳುಗುತ್ತಿರಲಿಲ್ಲ. ಆದರೆ ಆ ದವಾಖಾನೆಯಲ್ಲಿ ಅವ್ವನನ್ನು ಮಲಗಿಸಿದ್ದ ವರಾಂಡ — ಬೇಡ. ಅದನ್ನು ಹೇಳಿದರೆ ನೆಪ ಹೇಳಿದಂತಾಗುತ್ತದೆ. ನಾನು ಬರೆದೆ: ‘ಹುಲಿ ಹಂಗ ಒಬ್ಬಾಕೀನೇ ಹೋಗಿ ಬರ್ತೇನ್ರಿ. ಬೀದರಿಂದ ಯಾರಿಗಿ ಏನು ತರ್ಲಿ ಹೇಳ್ರಿ.’ ಯಾರೋ ಬಳೆ ತನ್ನಿ ಎಂದರು. ಅಕ್ಕನಿಗೆ, ಎಲ್ಲರಿಗೂ ಕೆಲಸವಿದೆಯಂತೆ ಎಂದೆ.

“ಖರೇನೇ, ಅವ್ರಿಗೂ ಮನಿ ಅದ,” ಎಂದು ಎದ್ದು ಹೋದಳು. ಬೀದರಿಗೆ ಹೋಗಲಿಲ್ಲ. ಮುಂದಿನ ಭಾನುವಾರ ಮೇಡಮ್ಮೋರು ಜಾಂಚ್ ಆಯ್ತೇನಮ್ಮಾ ಎಂದು ಕೇಳಿದರು. ‘ಆಯ್ತ್ರಿ, ಎಲ್ಲಾ ಆರಾಮ’ ಎಂದು ಬರೆದೆ. ಅದರ ಬಗ್ಗೆ ತಮಾಷೆ ಮಾಡಲು ನನಗೆ ಇನ್ನೂ ಬರುವುದಿಲ್ಲ.

ಎಂಟನೆಯ ತಿಂಗಳಲ್ಲಿ ಮೇಡಮ್ಮೋರು ಎಲ್ಲರನ್ನೂ ಬೀದರಿನ ದವಾಖಾನೆಗೆ ಕರೆದರು. ಹೋಗುವುದು ಬೇಡ ಎಂದು ನಾನು ಹೂಡಿದ ನಾಟಕಗಳನ್ನು ಬಿಡಿ. ಅಕ್ಕ ನನ್ನನ್ನೂ ಎಳೆದುಕೊಂಡೇ ಹೋದಳು. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ತೆಳ್ಳನೆಯ ಹೆಂಗಸು ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

“ನೀವೇ ಏನ್ರಿ ಹುಲಿ? ನಾ ಔರಾದ ಶಾಂತಾಬಾಯಿ. ನಿಮ್ಮ ಮಾತ ಓದಿ ನಗ್ತಿದ್ದೆ ನೋಡ್ರಿ. ಆಮ್ಯಾಲ, ಎಲ್ಲಾರ ನಡುವ ನಾನೊಬ್ಬಾಕಿ ಹೇಡಿ ಅನಿಸ್ತು. ಬರಿಯೋದೇ ಬಿಟ್ಟೆ.”

ಅಕ್ಕ ಅವರನ್ನು ನೋಡಿದಳು. ನನ್ನನ್ನು ನೋಡಿದಳು. “ಫೋನ್ ಕೊಡು,” ಎಂದಳು.

ಏಳನೆಯ ತರಗತಿ ಓದಿದವಳು; ನನ್ನನ್ನು ನಂಬಿ ಈವರೆಗೆ ಫೋನು ಕೇಳಿರಲಿಲ್ಲ. ಬೆರಳಿನಿಂದ ಒಂದೊಂದೇ ಸಾಲು ಸರಿಸುತ್ತಾ ಎಂಟು ತಿಂಗಳನ್ನೂ ಓದಿದಳು. ಅತ್ತಳು ಎಂದು ಇಲ್ಲಿ ಬರೆದಿದ್ದೆ. ಇದನ್ನು ಓದಿ ಹೇಳಿದಾಗ ಅದನ್ನು ತೆಗೆಸಿದಳು — ಆ ದಿನ ಅವಳು ಅತ್ತಿರಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡು ಮೇಡಮ್ಮೋರಿಗೆ ಹೇಳಿದಳು:

“ನಾ ಜಾಂಚ್ ಮಾಡ್ಸಿಲ್ರಿ. ನನಗ ಭಾಳ ಅಂಜಿಕಿ ಅದರಿ.”

ಯಾರೂ ಆರಾಮ ಇರು ಎನ್ನಲಿಲ್ಲ. ಶಾಂತಾಬಾಯಿ ಸೆರಗು ಸರಿಪಡಿಸಿಕೊಂಡು ಎದ್ದರು. “ಏಳ್ರಿ, ಈಗೇ ಹೋಗೋಣು. ನನಗೂ ಅಂಜಿಕಿ ಅದ, ಜೋಡಿಲೇ ಅಂಜೋಣು.” ನಾನೂ ಎದ್ದೆ. ಅಕ್ಕ ತಿರುಗದೆಯೇ, ಕೂತಿರು ಎಂದು ಕೈಯಿಂದ ಹೇಳಿದಳು.

ಎಡಗಡೆ ಒಂದು ಗಂಟು ಸಿಕ್ಕಿತು. ಜಾಂಚಿಗೆ ಹೋಗಬೇಕಾಗಿದ್ದ ದಿನ ಅದು ಇತ್ತೋ, ಇರಲಿಲ್ಲವೋ — ಡಾಕ್ಟರನ್ನು ಕೇಳಲು ಈವರೆಗೂ ನನಗೆ ಬಾಯಿ ಬಂದಿಲ್ಲ. ಆಪರೇಷನ್ ಆಯಿತು. ಇಂಜೆಕ್ಷನ್ನುಗಳಾದವು, ಕೂದಲು ಉದುರಿತು. ಪ್ರತಿ ಸಲವೂ ಔರಾದಿನ ಬಸ್ಸಿನಲ್ಲಿ ಶಾಂತಾಬಾಯಿ ಬಂದರು. ಅಕ್ಕ ಬದುಕಿದ್ದಾಳೆ. ಈಗ ಗುಂಪಿಗೆ ತಾನೇ ಬರೆಯುತ್ತಾಳೆ. ಏನು ಬರೆಯುತ್ತಾಳೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಆಪರೇಷನ್ನಿನ ಮೂರನೆಯ ದಿನ ವಾರ್ಡಿನಲ್ಲಿ ಅವಳ ಮಂಚದ ಪಕ್ಕ ಕೂತಿದ್ದೆ. ನಾನೇ ಮಾತು ತೆಗೆದೆ: “ಅಕ್ಕಾ, ನಿನಗ ತ್ರಾಸ ಆಗಬಾರ್ದಂತ ನಾ —”

ಅವಳು ಪೂರ್ತಿ ಹೇಳಲು ಬಿಡಲಿಲ್ಲ.

“ಗಂಟು ಅವ್ವನ ಕಡಿಂದ ಬಂತು, ಅದಕ್ಕ ಯಾರೇನ್ ಮಾಡ್ಲಿಕ್ಕಾಗ್ತದ? ಆದ್ರ ಎಂಟು ತಿಂಗಳ ತನಕ ನಾ ಒಬ್ಬಾಕೀನೇ ಅಂಜ್ಲತ್ತೀನಿ ಅಂತ ತಿಳ್ಕೊಂಡಿದ್ದೆ ನೋಡು, ತಮ್ಮಾ — ಅದು ನಿನ್ನ ಕಡಿಂದ ಬಂತು.”